ತೋರುಬೆರಳಿನ ನೀಲಿ

ಕಾಗದದ ಮೂಲೆಯಲ್ಲಿ ನೀಲಿ ಕಲೆ, ಅರ್ಧ ಬೆರಳಿನಷ್ಟು, ಗೆರೆಗೆರೆಯಾಗಿ ಮೂಡಿದೆ, ಸೌಭಾಗ್ಯಕ್ಕನದೇ, ಇನ್ಯಾರದು — ರಕ್ತದ ಗುಂಪು ನೋಡುವ ನೀಲಿ ದ್ರಾವಣ ಆಕೆಯ ತೋರುಬೆರಳಿಗೆ ಹತ್ತಿದ್ದು ಎಷ್ಟು ತೊಳೆದರೂ ಹೋಗುವುದಿಲ್ಲ, ಉಗುರಿನ ಸಂದಿಯಲ್ಲಂತೂ ಕಾಯಂ — ಲಲಿತಾ ಕಾಗದ ಮಡಿಚಿದಳು, ಮತ್ತೆ ಬಿಚ್ಚಿದಳು, ದೊಡ್ಡ ಡಾಕ್ಟರರ ಕೋಣೆಯ ಮುಂದಿನ ಬೆಂಚು ತಣ್ಣಗಿದೆ, ಒಳಗೆ ಯಾರೋ ಕೆಮ್ಮುತ್ತಾರೆ, ಕರೀತಾರ ತಡಿಯವ್ವ ಎಂದು ಜವಾನ ರೇವಪ್ಪ ಹೇಳಿ ಎಷ್ಟು ಹೊತ್ತಾಯಿತು, ಕಾಗದದಲ್ಲಿರುವುದು ನಾಲ್ಕೇ ಸಾಲು, ಅದೂ ಸೌಭಾಗ್ಯಕ್ಕನ ದುಂಡನೆಯ ಅಕ್ಷರ, ಇಬ್ಬರು ರೋಗಿಗಳ ರಕ್ತ ತೆಗೆದು ಟ್ಯೂಬುಗಳ ಮೇಲೆ ಹೆಸರು ಅದಲುಬದಲು ಬರೆದವಳು ನಾನೇ, ಕ್ಷಮಿಸಬೇಕು — ಕೆಳಗೆ ಖಾಲಿ ಜಾಗ, ಪೆನ್ಸಿಲ್ಲಿನ ಗುರುತು, ಇಲ್ಲಿ ಸಹಿ ಮಾಡ್ ಬೇ, ಅಂದಿದ್ದಳು ಸೌಭಾಗ್ಯಕ್ಕ, ನಿನಗೇನೂ ಆಗೂದಿಲ್ಲ, ನೀ ಕಲಿಯಾಕ ಬಂದಾಕಿ, ಎರಡ ಮಾತ ಬೈದ ಬಿಡ್ತಾರ, ನಂದ ನೌಕರಿನ ಹೊಕ್ಕೈತಿ ನೋಡು. ಬೈದು ಬಿಡುತ್ತಾರಂತೆ! ಅದೇನು ಹಾಲು ಚೆಲ್ಲಿದ ತಪ್ಪೇ? ತರಬೇತಿಯಿಂದ ಹೆಸರು ಹೊಡೆದುಹಾಕಿದರೆ ಮುಂದೆ ವಿಜಯಪುರದ ಯಾವ ದವಾಖಾನೆಯವರು ತನ್ನ ಕೈಗೆ ಸೂಜಿ ಕೊಟ್ಟಾರು, ತಿಕೋಟಾದ ಬಸ್ಸು ಹತ್ತಿ ಮನೆಗೆ ಹೋಗಿ ಅವ್ವನಿಗೆ ಏನೆಂದು ಹೇಳುವುದು, ಆ ಅವ್ವನೇ ಅಲ್ಲವೇ ಪ್ರತಿ ಸೋಮವಾರ ಒಣದ್ರಾಕ್ಷಿಯ ಡಬ್ಬಿ ಕಟ್ಟಿ ಕಳಿಸುತ್ತಿದ್ದದ್ದು, ನಿಮ್ಮ ಸೌಭಾಗ್ಯಕ್ಕಗ ಕೊಡು, ನಿನಗ ಕಸಬು ಕಲಸಾಕತ್ತಾಳ, ದೇವರಂಥಾಕಿ.

ದೇವರಂಥಾಕಿ, ಹೌದು, ಮೊದಲ ದಿನ ಹಾಗೇ ಕಂಡಿದ್ದಳು, ಲಲಿತಾಳ ಬೆರಳು ಚುಚ್ಚಿ ಬಿಳಿ ಟೈಲಿನ ಮೇಲೆ ರಕ್ತದ ಹನಿಗಳನ್ನಿಟ್ಟು, ಒಂದಕ್ಕೆ ನೀಲಿ ದ್ರಾವಣ, ಒಂದಕ್ಕೆ ಹಳದಿ, ಕಡ್ಡಿಯಿಂದ ಕಲಕಿ ಟೈಲು ತೂಗಿದಾಗ ಹಳದಿಯ ಹನಿ ಒಡೆದ ಹಾಲಿನ ಹಾಗೆ ಕಾಳುಕಾಳಾಯಿತು, ನೀಲಿ ಉಗುರಿನ ಬೆರಳು ಅದರ ಮೇಲೆ ಬಂದು ನಿಂತಿತು, ಇಲ್ಲಿ ನೋಡ್ ಬೇ, ಒಡೀತಲ್ಲ, ನೀ ಬಿ ಗುಂಪಿನಾಕಿ, ಒಬ್ಬರಿಗಾಗೂ ರಕ್ತ ಇನ್ನೊಬ್ಬರಿಗೆ ಹಾಕಿದ್ರ ಮೈಯಾಗೂ ಹಿಂಗ ಒಡೀತೈತಿ, ತಿಳೀತಿಲ್ಲೊ. ತಿಳಿಯಿತ್ರಿ ಅಕ್ಕಾರ. ಇನ್ನೂ ಏನೇನು ಕಲಿಸಿದಳು, ನಿನ್ನ ಹೆಸರ ಗುರುಬಸವ್ವ ಏನು ಅಂತ ಕೇಳಬ್ಯಾಡ, ಬ್ಯಾನಿಯೊಳಗಿದ್ದಾಕಿ ಯಾವ ಹೆಸರಿಗೂ ಹೂಂ ಅಂತಾಳ, ಆಕಿ ಬಾಯಿಲೆನ ಹೇಳಸು, ಗಂಡನ ಹೆಸರ ಕೇಳು, ಊರ ಕೇಳು, ಆಕಿ ಮಲಗಿದ ಕಾಟದ ಬಾಜೂಕ ನಿಂತ ಟ್ಯೂಬಿನ ಮ್ಯಾಲೆ ಬರಿ, ಒಂದ ಹೆಜ್ಜಿ ಸರದ ಬರೀಬ್ಯಾಡ — ಲಲಿತಾ ಎಲ್ಲವನ್ನೂ ಬಸ್ಸಿನಲ್ಲಿ ಪಾಠದಂತೆ ಒಪ್ಪಿಸಿಕೊಳ್ಳುತ್ತಿದ್ದಳು.

ಅವತ್ತು ವಾರ್ಡಿನಲ್ಲಿ ಇಬ್ಬರು ಗುರುಬಸವ್ವಂದಿರು, ಪಕ್ಕಪಕ್ಕದ ಕಾಟು, ಒಬ್ಬಾಕೆ ಘೋಣಸಗಿಯವಳು, ಒಬ್ಬಾಕೆ ಸಾರವಾಡದವಳು, ಸೌಭಾಗ್ಯಕ್ಕ ತಾನೇ ಹೋಗಿದ್ದಳು, ಲಲಿತಾ ಟೈಲು ತೊಳೆಯುತ್ತಿದ್ದಳು, ಬಂದವಳು ಏಪ್ರನ್ನಿನ ಕಿಸೆಯಿಂದ ಎರಡು ಟ್ಯೂಬು ತೆಗೆದು ಮೇಜಿನ ಮೇಲೆ ಹೆಸರು ಬರೆದಳು, ಅಕ್ಕಾರ, ಕಾಟದ ಬಾಜೂಕ ಬರೀಬೇಕಂತ ನೀವ ಹೇಳಿದ್ರೆಲ್ರಿ, ಏ ಹುಚ್ಚಿ, ಇಪ್ಪತ್ತ ವರ್ಸದ ಕೈ ಐತಿದು — ನಕ್ಕಿದ್ದಳು, ಲಲಿತಾಳೂ ನಕ್ಕಿದ್ದಳು, ಯಾಕೆ ನಕ್ಕೆ, ಆ ನಗುವಿಗೆ ಬೆಂಕಿ ಬೀಳಲಿ. ಓ ಗುಂಪಿನ ಘೋಣಸಗಿಯಾಕೆಗೆ ಬಿ ರಕ್ತ ಏರಿತು, ಹತ್ತೇ ನಿಮಿಷ, ಮೈ ಗಡಗಡ, ಸೊಂಟ ಹಿಡಿದು ಚೀರಿದಳಂತೆ, ನರ್ಸಬಾಯಿ ತಕ್ಷಣ ನಳಿಗೆ ಬಂದ್ ಮಾಡಿದ್ದಕ್ಕೆ ಉಳಿದಳು, ಮೂರು ದಿನ ಮೂತ್ರ ಕೆಂಪಗೆ, ಈಗ ಗಂಜಿ ಕುಡಿಯುತ್ತಾಳೆ, ಆದರೆ ಮಗ ಸುಭಾಷ ಮೊದಲು ಕಣ್ಣಿಗೆ ಬಿದ್ದ ಲಲಿತಾಳ ಮೇಲೆ ಎಲ್ಲರೆದುರು ಕೈ ಎತ್ತಿಕೊಂಡು ಬಂದ, ನಮ್ಮವ್ವನ್ನ ಕೊಲ್ಲಾಕ ನಿಂತಿದ್ದೇನ ನೀ, ಲಲಿತಾ ಸೌಭಾಗ್ಯಕ್ಕನ ಮುಖ ನೋಡಿದಳು, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ, ಸೌಭಾಗ್ಯಕ್ಕ ಡಾಕ್ಟರರ ಮುಂದೆ ರಿಜಿಸ್ಟರ್ ಬಿಚ್ಚಿ ಅದೇ ಬೆರಳು ಇಟ್ಟಳು, ಇಲ್ಲಿ ನೋಡ್ರಿ ಸರ, ರಕ್ತ ತಗದಾಕಿ ಈಕಿ, ಮುಂಜಾನೆನ ಸಹಿ ಮಾಡ್ಯಾಳ. ನಂಬಿಸಿ ಕುತ್ತಿಗೆ ಕೊಯ್ದಳು, ಅದೂ ಎಷ್ಟು ಮೆಲ್ಲಗಿನ ದನಿಯಲ್ಲಿ.

ಸಹಿ ತನ್ನದೇ, ಸುಳ್ಳಲ್ಲ, ಪೂರ್ತಿ ಹೆಸರು ಬರೆದು ಕೆಳಗೆ ಬಾಲ ಎಳೆದದ್ದು, ರಿಜಿಸ್ಟರಿನಲ್ಲಿ ಮೊದಲ ಸಹಿ ಎಂಬ ಹಿಗ್ಗು, ಇವತ್ತಿನಿಂದ ನೀನ ಮಾಡು, ದೊಡ್ಡಾಕಿ ಆದಿ ಅಂದಿದ್ದಳಲ್ಲ, ಮುಂಜಾನೆ — ಮುಂಜಾನೆಯೇ? ಸಹಿಯ ಪಕ್ಕದಲ್ಲಿ ಒಂದು ಎಣ್ಣೆಯ ಕಲೆ ಇತ್ತು, ಡಾಕ್ಟರರ ಮೇಜಿನ ಮೇಲೆ ಕಂಡಳು, ಶೇಂಗಾ ಚಟ್ನಿಯದು, ತನ್ನ ಕೈಯದು, ಬುತ್ತಿ ಬಿಚ್ಚಿದಾಗಿನದು ಅಂದರೆ, ಎರಡು ರೊಟ್ಟಿ ಇಬ್ಬರ ನಡುವೆ ಇಟ್ಟುಕೊಂಡಿದ್ದರು, ಸೌಭಾಗ್ಯಕ್ಕ ಒಂದು ತುತ್ತು ಮುರಿದಿದ್ದಳು, ಫೋನು — ಫೋನು ಬಂತು, ವಾರ್ಡಿನಿಂದ, ಹೂಂರಿ, ಯಾವ ಗುರುಬಸವ್ವರಿ, ಘೋಣಸಗಿಯಾಕೀನ್ರಿ, ಹೂಂ, ನೋಡ್ತೇನ್ರಿ, ಇಟ್ಟಳು, ಮುರಿದ ತುತ್ತು ಹಾಗೇ ಇತ್ತು, ರಿಜಿಸ್ಟರ್ ಎಳೆದಳು, ರಕ್ತ ತೆಗೆದವರು ಎಂಬ ಸಾಲು ಖಾಲಿ ಇತ್ತು, ಬಾ ಬೇ ಲಲಿತಾ — ಫೋನು ಮೊದಲು, ಸಹಿ ಆಮೇಲೆ, ಶಿವನೇ, ಮೊದಲು ಫೋನು.

ಒಳಗ ಬಾ ಅಂದ್ರವ್ವ, ರೇವಪ್ಪ ಕರೆಯುತ್ತಾನೆ, ಲಲಿತಾ ಎದ್ದಳು, ಕಾಗದದ ಕೆಳಗಿನ ಜಾಗ ಖಾಲಿಯೇ ಇದೆ, ಪೆನ್ನು ಕೈಯಲ್ಲಿ, ಬಾಗಿಲು ಮೂರು ಹೆಜ್ಜೆ — ಅವತ್ತು ತಾನು ಕೇಳಿದ್ದಳಲ್ಲ, ಅಕ್ಕಾರ, ಬೆರಳ್ಯಾಕ ನಡಗಾಕತ್ತೈತ್ರಿ, ಊಟ ತಡಾ ಆತಲ್ಲ ಬೇ, ಅದಕ್ಕ, ಅಯ್ಯೋ ಪಾಪ ಅನ್ನಿಸಿ ತನ್ನ ರೊಟ್ಟಿಯನ್ನೂ ಆಕೆಯ ಕಡೆಗೆ ಸರಿಸಿದ್ದಳು, ಮೊದಲ ಉಣ್ರಿ, ಆಮ್ಯಾಲ ಸಹಿ ಮಾಡ್ತೇನಿ, ಬ್ಯಾಡ, ಈಗ ಮಾಡು, ಇಲ್ಲಿ — ಖಾಲಿ ಸಾಲಿನ ಮೇಲೆ ಆ ನೀಲಿ ಉಗುರು, ನಡುಗುತ್ತ, ಇಲ್ಲಿ ಮಾಡು, ಇಲ್ಲಿ, ನಡುಗುವ ಆ ಉಗುರು, ನೀಲಿ