ದೊಡ್ಡ ರಂಪ, ಚಿಕ್ಕ ರಂಪ

ಚಿಕ್ಕ ಮಿಷನ್ನು ಸಾಕೆಂದರೆ ಅಣ್ಣ ಯಾಕೆಂದು ಕೇಳದೆ ಬಿಡುತ್ತಾನೆಯೇ? ಕೇಳಿದರೆ ಏನು ಹೇಳುವುದು? ಚಿಕ್ಕಬಳ್ಳಾಪುರದಲ್ಲಿ ಮಿಷನ್ನು ಬಾಡಿಗೆಗೆ ಕೊಡುವ ನಲ್ಲಪ್ಪನ ಷೆಡ್ಡಿನಲ್ಲಿ ರಾಮಾಂಜಿನಪ್ಪ ಎರಡು ಮಿಷನ್ನುಗಳ ನಡುವೆ ಓಡಾಡುತ್ತಲೇ ಇದ್ದ. ಎರಡೂ ಗಾಲಿಯ ಮೇಲೆ ಕೂತ ಮರ ಕೊಯ್ಯುವ ಮಿಷನ್ನುಗಳೇ. ಆಯಿಲ್ ಎಂಜಿನ್ನಿಗೆ ಬೆಲ್ಟು ಬಿಗಿದರೆ ದುಂಡನೆಯ ಅಲಗು ತಿರುಗುತ್ತದೆ. ಎತ್ತು ಕಟ್ಟಿ ಹೊಲಕ್ಕೇ ಎಳೆದೊಯ್ದರೆ ದಿಮ್ಮಿಗಳನ್ನು ಪೇಟೆಗೆ ಸಾಗಿಸುವ ತಾಪತ್ರಯವಿಲ್ಲ. ತಮ್ಮೂರು ಸಾದಲಿಯಲ್ಲಿ ಅಣ್ಣತಮ್ಮಂದಿರು ರೇಷ್ಮೆಹುಳುವಿಗೆ ಹೊಸ ಮನೆ ಕಟ್ಟಿಸುವವರಿದ್ದರು. ತೊಲೆ, ಜಂತೆಗೆ ಹೊಲದ ಮರಗಳೇ ಆಗಬೇಕಿತ್ತು.

ಚಿಕ್ಕದರ ಅಲಗು ಹೊಂಗೆ, ಜಾಲಿಗಳನ್ನು ಸೀಳಬಲ್ಲದು. ಬಾವಿಯ ಬಳಿಯ ಬೇವಿನ ಬೊಡ್ಡೆ ಅದರ ಬಾಯಿಗೆ ಹಿಡಿಸುವುದಿಲ್ಲ. ರಾಮಾಂಜಿನಪ್ಪನಿಗೆ ಬೇಕಾಗಿದ್ದದ್ದೂ ಅದೇ. ಆ ನೆರಳಲ್ಲಿ ಸೊಪ್ಪು ಬಾಡುವುದಿಲ್ಲವೆಂದು ತಾಯಿ ಅಕ್ಕಯ್ಯಮ್ಮ ದಿನವೂ ಅಲ್ಲೇ ಕೂತು ಹಿಪ್ಪುನೇರಳೆ ಹೆಚ್ಚುತ್ತಿದ್ದಳು. ಅಪ್ಪ ತೀರಿಕೊಂಡ ಮೇಲಂತೂ ಮನೆಯೊಳಗಿಗಿಂತ ಅಲ್ಲೇ ಹೆಚ್ಚು ಇರುತ್ತಿದ್ದಳು.

"ಏಮಯ್ಯಾ ಬಿ.ಎ., ಪೆದ್ದ ರಂಪಮಾ, ಚಿನ್ನ ರಂಪಮಾ?" ದೊಡ್ಡದೋ ಚಿಕ್ಕದೋ ಎಂದು ಬಿ.ಎ. ಓದಿದ್ದ ರಾಮಾಂಜಿನಪ್ಪನನ್ನು ತೆಲುಗಿನಲ್ಲಿ ಕೇಳಿ ನಲ್ಲಪ್ಪ ನಕ್ಕ.

"ಹೆಣ್ಣು ನೋಡಕ್ಕೆ ಬಂದಂಗೆ ಸುತ್ತಾಕ್ತಾವ್ನೆ ನೋಡು," ಎಂದ ಅಣ್ಣ ವೆಂಕಟರಾಯಪ್ಪ. "ದೊಡ್ಡದಾದ್ರೆ ಬೇವೂ ಮುಗೀತದೆ. ಏನಂತೀಯಪ್ಪ?"

"ದೊಡ್ಡದು ಎಳೆಯೋಕೆ ಎರಡು ಜೊತೆ ಎತ್ತು ಬೇಕು."

"ಎತ್ತಿಗಿಲ್ಲದ ಚಿಂತೆ ನಿಂಗ್ಯಾಕೋ? ನಡಿ, ಅಮ್ಮನ್ನೇ ಕೇಳಣ."

ಸಂಜೆ ಬೇವಿನಡಿ ಅಕ್ಕಯ್ಯಮ್ಮ ಸೊಪ್ಪು ಹೆಚ್ಚುತ್ತಲೇ ಇಬ್ಬರ ಮಾತನ್ನೂ ಕೇಳಿದಳು. ತಲೆಯೆತ್ತದೆ, "ರಂಪ ಬೇಡ ಕಣ್ರಪ್ಪ," ಎಂದಳು.

ಅವರ ಮನೆಯಲ್ಲಿ ರಂಪ ಎಂಬ ಮಾತಿಗೆ ಎರಡು ಅರ್ಥ. ಕನ್ನಡದಲ್ಲಿ ಜಗಳ, ಬಾಯಿಗೆ ತೆಲುಗು ಬಂದಾಗ ಗರಗಸ.

"ಕೇಳಿಸ್ತೇನೋ? ಕಿತ್ತಾಡ್ಬೇಡಿ ಅಂತವ್ಳೆ. ದೊಡ್ಡದೇ ತರಣ, ಸುಮ್ನಿರು," ಎಂದು ಅಣ್ಣ ಕಾಲು ತೊಳೆಯಲು ಹೋದ.

ರಾಮಾಂಜಿನಪ್ಪ ತಾಯಿಯ ಎದುರು ಕೂತ. ಅವಳು ಬೇಡವೆಂದದ್ದು ಗರಗಸವನ್ನೇ ಇರಬಹುದು. ಯಾವ ರಂಪವಮ್ಮ ಎಂದು ಕೇಳಿಬಿಟ್ಟರೆ ಮುಗಿಯಿತು. ಆದರೆ ಆಮೇಲೆ ಅಣ್ಣನೊಂದಿಗೆ ಜಗಳ ತಪ್ಪದು. ಅವಳು ಬೇಡವೆಂದದ್ದು ಅದನ್ನೇ ಆಗಿದ್ದರೆ? ತಾಯಿ ಕೈ ನಿಲ್ಲಿಸಿ ಅವನತ್ತ ನೋಡಿದಳು. ಅವನು ಪುಟ್ಟಿಯ ಸೊಪ್ಪನ್ನು ಸುಮ್ಮನೆ ಅತ್ತಿತ್ತ ಸರಿಸಿ ಎದ್ದುಬಿಟ್ಟ.

ಮುಂದಿನ ವಾರ ದೊಡ್ಡ ಮಿಷನ್ನು ಬಂತು. ಅಕ್ಕಯ್ಯಮ್ಮ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬೇವಿಗೆ ಕೊಡಲಿ ಹಾಕುವ ಮುನ್ನ ಅಣ್ಣ ಅವನತ್ತ ತಿರುಗಿ, "ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಪ್ಪ," ಎಂದ.

"ಬಾವಿ ಕಡೆ ಬೀಳದಂಗೆ ನೋಡ್ಕೋ," ಎಂದ ರಾಮಾಂಜಿನಪ್ಪ.

ಈ ಮರ ಕಡಿಯುವುದು ಬೇಡ ಎಂದು ಅವನು ಹೇಳಲೇ ಇಲ್ಲ.