ಚಮಚವಿಲ್ಲದ ಮನೆ

ಇಂಗ್ಲೆಂಡಿನ ರಾಜನ ಕೆಂಪು ಕೋಟಿನ ಸೈನಿಕರು ಬಾಸ್ಟನ್ನಿನಿಂದ ಬಂದು ಕಾಂಕರ್ಡ್ ರಸ್ತೆ ತುಂಬಿದ ಬೆಳಗ್ಗೆ ನಮ್ಮ ಮನೆಯಲ್ಲಿ ಒಂದು ಚಮಚವೂ ಇರಲಿಲ್ಲ. ಅಮ್ಮ ನನ್ನ ಮದುವೆಗೆ ಕೊಟ್ಟಿದ್ದ ಸೀಸ ಬೆರೆತ ಚಮಚಗಳನ್ನೆಲ್ಲ ಹಿಂದಿನ ದಿನ ನಾನೇ ಕರಗಿಸಿ ಗುಂಡು ಎರೆದಿದ್ದೆ. ಗಂಡ ಅಸಾಹೆಲ್ ಅವನ್ನು ತುಂಬಿಕೊಂಡು ಊರವರ ಜೊತೆ ಆ ಸೈನ್ಯವನ್ನು ತಡೆಯಲು ಹೋಗಿದ್ದ.

ಸೈನ್ಯದ ಅಧಿಕಾರಿಯೊಬ್ಬ ಬಾಗಿಲು ದೂಡಿ ಒಳಗೆ ಬಂದು ಗಂಜಿ ಕೇಳಿದ. ಬಟ್ಟಲು ಮುಂದಿಟ್ಟೆ.

"ಚಮಚ ಎಲ್ಲಿ ಅಮ್ಮಾ? ಈ ಊರಲ್ಲಿ ಚಮಚಗಳೆಲ್ಲ ಗುಂಡಾಗ್ತಿವೆಯಂತೆ?"

ಎರಕದ ಅಚ್ಚು ಇನ್ನೂ ಒಲೆಯ ಬೂದಿಯಲ್ಲೇ ಇತ್ತು. ಅದು ಕಂಡರೆ ಮನೆಗೆ ಬೆಂಕಿ.

"ಇವಳು ಮಾರ್ಕೊಂಡ್ ತಿಂದ್ಳು ಸಾಹೇಬ್ರೇ!" ಮೂಲೆಯಿಂದ ಅತ್ತೆ ಕಿರುಚಿದರು. "ಮನೆಹಾಳಿ ಸೊಸೆ! ನಾವೀಗ ನಾಯಿ ಥರ ನೆಕ್ಕೋದೇ."

ಅವನು ನಕ್ಕು, ಬಟ್ಟಲೆತ್ತಿ ಕುಡಿದ. "ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ. ಒಂದು ಚಮಚ ತಂದಿಟ್ಟಿರು," ಎಂದು ಹೋದ. ಅತ್ತೆ ಎದ್ದು ಬಂದು ಅಚ್ಚಿನ ಮೇಲೆ ಇನ್ನಷ್ಟು ಬೂದಿ ಎಳೆದರು.

ಮಧ್ಯಾಹ್ನವಿಡೀ ರಸ್ತೆಬದಿಯ ಕಲ್ಲುಗೋಡೆಗಳ ಹಿಂದಿನಿಂದ ಊರವರ ಗುಂಡುಗಳು ಹಾರುತ್ತಿದ್ದವು. ಸಂಜೆ ಅವನು ಬಂದೇ ಬಂದ, ಇಬ್ಬರು ಸೈನಿಕರ ಹೆಗಲಿಗೆ ಜೋತು. ಹೊಟ್ಟೆಯ ಹತ್ತಿರ ಕೋಟು ತೂತಾಗಿ ಕಪ್ಪಗೆ ನೆನೆದಿತ್ತು. ನೀರು ಕೊಟ್ಟರೆ ಬಾಯಿಂದ ಹೊರಗೇ ಸುರಿಯಿತು.

"ಚಮಚದಲ್ಲಿ ಹಾಕು ತಾಯಿ," ಎಂದ.

ಆ ತೂತನ್ನೇ ನೋಡುತ್ತ ನಿಂತೆ. ಚಮಚ ಎಲ್ಲಿದೆಯೆಂದು ಅವನಿಗೆ ಹೇಗೆ ಹೇಳಲಿ?