ಕ್ಷಯ ಹತ್ತಿಸಿದ್ದು ಯಾರ ಹಕ್ಕಿ

ಬಿರೆಜಿಕ್ ಊರಿನ ಸರ್ಕಾರಿ ಹಕ್ಕಿಮನೆಯಲ್ಲಿ ಮತ್ತೊಂದು ಬೋಳುತಲೆಯ, ಉದ್ದ ಕೊಕ್ಕಿನ ಕೆಂಬರಲು ಹಕ್ಕಿ ಸತ್ತು ಬಿದ್ದಾಗ ವೈದ್ಯೆ ನೆಬಾಹತ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೊಯ್ದು ನೋಡಿದರೆ ಅದೇ ಕಥೆ: ಪಿತ್ತಜನಕಾಂಗದ ತುಂಬ ರಾಗಿಕಾಳಿನಂಥ ಹಳದಿ ಗಂಟುಗಳು. ಹಕ್ಕಿಕ್ಷಯ. ಮದ್ದಿಗೆ ಬಗ್ಗುವ ಕಾಯಿಲೆಯಲ್ಲ. ರೋಗಾಣು ನೆಲಕ್ಕೆ ಇಳಿಯಿತೆಂದರೆ ವರ್ಷಗಟ್ಟಲೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ.

ಹಕ್ಕಿಮನೆಗೆ ಹೊದಿಸಿದ್ದ ಬಲೆಯ ಹರುಕಿನಲ್ಲಿ ನುಗ್ಗಿ ಕೆಂಬರಲುಗಳ ತಟ್ಟೆಗೆ ಬಾಯಿ ಹಾಕುತ್ತಿದ್ದುದು ಪಕ್ಕದ ಮನೆಯ ಜುಲ್ಕುಫ್‌ನ ಪಾರಿವಾಳಗಳು. ಅವನ್ನು ಗೂಡಲ್ಲಿಡು ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಬಲೆ ಬದಲಿಸಿ ಎಂದರೆ ಮೇಲಧಿಕಾರಿ ತಹ್ಸಿನ್ ಬೇ, "ಬೇಯಿಸಿದ ಮೊಟ್ಟೆ ಸ್ವಲ್ಪ ಜಾಸ್ತಿ ಕೊಟ್ಟು ನೋಡಮ್ಮ," ಎನ್ನುತ್ತಿದ್ದ.

ಅವತ್ತು ಅವಳು ನೆಟ್ಟಗೆ ಜುಲ್ಕುಫ್‌ನ ಮಾಳಿಗೆ ಹತ್ತಿದಳು. ಅವನು ಚಹಾ ಬಗ್ಗಿಸಿಕೊಟ್ಟ.

"ನನ್ನವು ನಿಮ್ಮ ಬೋಳುಮಂಡೆಗಳ ಹಾಗೆ ಕೊಳಕಲ್ಲ, ಡಾಕ್ಟರಮ್ಮ. ದಿನಾ ಸ್ನಾನ ಮಾಡ್ತವೆ."

"ನೀನು ಮಾಡ್ತೀಯೋ ಇಲ್ವೋ, ಅದು ಬೇರೆ ಮಾತು. ಈಚೆಗೆ ಯಾವುದಾದ್ರೂ ಸತ್ತಿದೆಯಾ?"

ಅವನು ಎದ್ದು ಒಳಗೆ ಹೋದ. ಆಮೇಲೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಹೆಣ್ಣು ಪಾರಿವಾಳ ತಂದ. ಬೆಳಿಗ್ಗೆ ಸತ್ತದ್ದು, ಹೂಳಲು ಮನಸ್ಸಾಗಿರಲಿಲ್ಲ. ಕಾಲಲ್ಲಿ ಬೆಳ್ಳಿಯ ಗೆಜ್ಜೆ, ಎದೆಯಲ್ಲಿ ಬರೀ ಮೂಳೆ. ಅವಳು ಅಲ್ಲೇ ಕೊಯ್ದಳು. ಅದೇ ಹಳದಿ ಗಂಟುಗಳು.

ಜುಲ್ಕುಫ್ ಬಗ್ಗಿ ನೋಡಿದ. "ಹಾಗಾದ್ರೆ ನಿಮ್ಮವುಗಳಿಂದ್ಲೇ ಹತ್ತಿದ್ದು," ಎಂದ.

ನೆಬಾಹತ್‌ಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಅವನ ಮಾತು ಸುಳ್ಳೆನ್ನಲು ಆಧಾರವೂ ಇರಲಿಲ್ಲ.

"ಇರಬಹುದು," ಎಂದಳು. "ಯಾರಿಂದ ಯಾರಿಗೆ ಅಂತ ಜಗಳ ಆಡ್ತಾ ಕೂತ್ರೆ ಎರಡು ಕಡೇನೂ ಗೂಡು ಖಾಲಿ."

ಮರುದಿನ ಜುಲ್ಕುಫ್ ಸತ್ತ ಪಾರಿವಾಳವನ್ನು ತಹ್ಸಿನ್ ಬೇಯ ಮೇಜಿನ ಮೇಲಿಟ್ಟ. "ನಿಮ್ಮ ಹಕ್ಕಿ ನನ್ನ ಹಕ್ಕೀನ ಕೊಂದಿದೆ. ಬಲೆ ಹಾಕಿಸ್ತೀರೋ, ಚಹಾ ಅಂಗಡೀಲಿ ಕೂತು ಊರಿಗೆಲ್ಲ ಹೇಳ್ಲೋ?"

ಅವಳು ತಿಂಗಳುಗಟ್ಟಲೆ ಬೇಡಿದ್ದ ಬಲೆ ಆ ವಾರವೇ ಬಂತು. ಮೇಲ್ಮಣ್ಣನ್ನೂ ಕೆರೆದು ಸಾಗಿಸಿದರು. ಖುಷಿಪಡಬೇಕೋ ಉರಿದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಸೊರಗಿದ ಕೆಂಬರಲುಗಳನ್ನು ಅವಳೇ ಸೂಜಿ ಚುಚ್ಚಿ ಕೊನೆಯ ನಿದ್ದೆಗೆ ಕಳಿಸಬೇಕಾಯಿತು. ಅವುಗಳಲ್ಲಿ ಒಂದನ್ನು ಮರಿಯಾಗಿದ್ದಾಗ ಕೈತುತ್ತಿಟ್ಟು ಸಾಕಿದ್ದಳು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಜುಲ್ಕುಫ್ ಮಾಳಿಗೆಯಿಂದ ಕೂಗಿ ಹೇಳಿದ:

"ಗೂಡಲ್ಲೇ ಕೂತು ಕೂತು ನನ್ನವು ಬೊಜ್ಜು ಬೆಳೆಸ್ತಿವೆ, ಡಾಕ್ಟರಮ್ಮ. ಇದಕ್ಯಾರು ಹೊಣೆ?"

"ಕಾಳು ಕಡಿಮೆ ಹಾಕು," ಎಂದಳು ಅವಳು, ಕತ್ತೆತ್ತದೆ.